ರೆಡ್ ಹಿಲ್ಸಿನ ಕಂಬಿದಾರಿ
ಭಾರತದ ರೈಲುಮಾರ್ಗದ ಚರಿತ್ರೆಯನ್ನು ೧೮೫೩ನೆಯ ಇಸವಿ ಏಪ್ರಿಲ್ ೧೬ರಂದು ಬೊಂಬಾಯಿಯ ಬೋರಿಬಂದರಿನಿಂದ ಠಾಣೆಗೆ ಹೊರಟ ಉಗಿಬಂಡಿಯಿಂದ ಆರಂಭಿಸುವುದು ವಾಡಿಕೆ. ಆದರೆ ಅದಕ್ಕೆ ೧೬ ವರ್ಷ ಮೊದಲೇ, ೧೮೩೭ರಲ್ಲಿ, ಮದರಾಸಿನ ಬಳಿ ರೆಡ್ ಹಿಲ್ಸಿನಿಂದ ಚಿಂತಾದ್ರಿಪೇಟೆಯವರೆಗೆ ಕಬ್ಬಿಣದ ಕಂಬಿದಾರಿಯೊಂದಿದ್ದಿತು. ರಸ್ತೆಗಳ ನಿರ್ಮಾಣಕ್ಕೆ ಕಲ್ಲು ಸಾಗಿಸಲೆಂದು ಆರ್ಥರ್ ಕಾಟನ್ನರು ಅದನ್ನು ಹಾಕಿಸಿದರು. ೧೮೪೫ರಲ್ಲಿ ಗೋದಾವರಿಯ ಅಣೆಕಟ್ಟಿಗಾಗಿ ಧವಳೇಶ್ವರದಲ್ಲಿ ಅಂಥದೇ ದಾರಿಯೊಂದು ಹುಟ್ಟಿತು. ೧೮೫೧ರಲ್ಲಿ ಗಂಗಾ ಕಾಲುವೆಯ ಸೋಲಾನಿ ಮೇಲ್ಗಾಲುವೆಗೆ ಮಣ್ಣು ಹೊರಲು ರೂರ್ಕಿಯಲ್ಲಿ ಉಗಿಯಂತ್ರವೇ ಓಡಿತು.

ಈ ಮೂರೂ ದಾರಿಗಳು ಅಳಿದುಹೋಗಿವೆ. ಇವು ಹುಟ್ಟಿದ್ದು ಕಲ್ಲುಮಣ್ಣುಗಳಿಗಾಗಿ. ಆದುದರಿಂದ ಜನರ ನೆನಪಿನಲ್ಲಿ ನೆಲೆನಿಲ್ಲಲಿಲ್ಲ. ಇವುಗಳ ಸುಳಿವನ್ನು ರೈಲ್ವೆ ಕಂಪೆನಿಗಳ ಚರಿತ್ರೆಗಳಲ್ಲಿ ಅರಸುವುದಕ್ಕಿಂತ ರಸ್ತೆ, ಅಣೆಕಟ್ಟು, ಕಾಲುವೆಗಳ ಕಾಮಗಾರಿಯ ವರದಿಗಳಲ್ಲಿ ಅರಸುವುದು ಯುಕ್ತ.

ಇದರಿಂದ ೧೮೫೩ರ ಹಿರಿಮೆ ಕುಂದುವುದಿಲ್ಲ. ಅದು ಸಾರ್ವಜನಿಕ ಪ್ರಯಾಣದ ಆರಂಭ, ಕಂಬಿಯ ಆರಂಭವಲ್ಲ. ಈ ಎರಡನ್ನೂ ಒಂದೆಂದು ಎಣಿಸಿದರೆ, ಈ ನಾಡಿನಲ್ಲಿ ಕಬ್ಬಿಣದ ಕಂಬಿ ಮೊದಲು ದುಡಿದುದು ದಾರಿಗೂ ನೀರಿಗೂ ಎಂಬ ಸಂಗತಿಯೇ ಮರೆಯಾಗುತ್ತದೆ.