ಚರ್ಚಾಪುಟದ ಕಲಿಕೆ: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು ಮತ್ತು ಕನ್ನಡ ವಿಕಿಪೀಡಿಯ

ಹಲವರು ಕೂಡಿ ಒಂದೇ ಪುಟವನ್ನು ಬರೆಯಲು ಮತ್ತು ತಿದ್ದಲು ಅನುವು ಮಾಡಿಕೊಡುವ ಜಾಲತಾಣಕ್ಕೆ ವಿಕಿ ಎಂದು ಹೆಸರು. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಇಂಥ ಮೊದಲ ತಾಣವನ್ನು ರೂಪಿಸಿ, ‘ಬೇಗ’ ಎಂಬ ಅರ್ಥದ ಹವಾಯಿ ಪದವನ್ನು ಅದಕ್ಕೆ ಇಟ್ಟರು. ಇದೇ ಬಗೆಯ ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಹತ್ತು ವರ್ಷಗಳ ಬಳಿಕ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ತರಗತಿಗಳ ವಿದ್ಯಾರ್ಥಿಗಳು ಪಠ್ಯದ ಅಂಗವಾಗಿಯೇ ಅದಕ್ಕೆ ಲೇಖನ ಬರೆಯತೊಡಗಿದರು. ಶಾಲಾ ಶಿಕ್ಷಕರಿಗೂ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ವಿಕಿ ದೊರೆಯಿತು.

ಮಾಹಿತಿ ಹಂಚಿಕೆ ಮತ್ತು ಜ್ಞಾನನಿರ್ಮಾಣ ಒಂದೇ ಅಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದ ಟಿಪ್ಪಣಿ ಹತ್ತಾರು ಮೊಬೈಲ್‌ಗಳಿಗೆ ತಲುಪಿದರೂ ಇದ್ದಂತೆಯೇ ಉಳಿಯುತ್ತದೆ. ಕೆನಡಾದ ವಿದ್ವಾಂಸರಾದ ಮರ್ಲೀನ್ ಸ್ಕಾರ್ಡಮೇಲಿಯಾ ಮತ್ತು ಕಾರ್ಲ್ ಬರೈಟರ್ ‘ಜ್ಞಾನನಿರ್ಮಾಣ’ ಎಂದು ಕರೆದದ್ದು, ಒಬ್ಬರ ವಿಚಾರವನ್ನು ಇಡೀ ತರಗತಿಯ ಸೊತ್ತಾಗಿಸಿ ಎಲ್ಲರೂ ಸೇರಿ ಅದನ್ನು ಉತ್ತಮಪಡಿಸುವ ಕೆಲಸವನ್ನು. ವಿಕಿಯಲ್ಲಿ ಇದಕ್ಕೆ ಎರಡು ಆಸರೆಗಳಿವೆ: ಯಾರು ಯಾವಾಗ ಏನನ್ನು ತಿದ್ದಿದರೆಂದು ದಾಖಲಿಸುವ ‘ಇತಿಹಾಸ’ ಮತ್ತು ಹಾಗೆ ತಿದ್ದಿದ್ದೇಕೆಂದು ವಾದಿಸಲು ಇರುವ ‘ಚರ್ಚೆ’.

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಕಾಲೇಜುಗಳಿಗೆ ಈ ಎರಡೂ ಆಸರೆಗಳು ಒದಗಬಲ್ಲ ರೀತಿಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಿತ ಪ್ರದೇಶ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿರುವುದು 2024ರಲ್ಲಿ ಪ್ರಕಟವಾಯಿತು. ಅದರ ವಿಸ್ತೀರ್ಣ 98.76 ಹೆಕ್ಟೇರ್ ಎಂದು ಒಬ್ಬ ವಿದ್ಯಾರ್ಥಿನಿ, 244 ಎಕರೆ ಎಂದು ಇನ್ನೊಬ್ಬ ಬರೆದರೆನ್ನೋಣ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಮೊದಲು ಚರ್ಚಾಪುಟದಲ್ಲಿ ಲೆಕ್ಕ ಹಾಕಿದರೆ ಎರಡೂ ಒಂದೇ ಎಂಬುದು ತಿಳಿಯುತ್ತದೆ. ಅಲ್ಲಿಯೇ ಮೂರನೆಯವನು, ಇದು ತಾನಾಗಿ ಉಂಟಾದ ಸರೋವರವಲ್ಲ, ನೀರಾವರಿಗೆಂದು ಕಟ್ಟಿದ ಕೆರೆ, ಹಕ್ಕಿಗಳು ಗೂಡು ಕಟ್ಟುವುದು ಅದರೊಳಗಿನ ಜಾಲಿಮರಗಳಲ್ಲಿ ಎಂದು ಸೇರಿಸಿದಾಗ, ಅಂಕಿಯೊಂದರ ತಕರಾರು ಕೆರೆಯ ಚರಿತ್ರೆಯ ಕಡೆಗೆ ಹೊರಳುತ್ತದೆ.

ಆಕರಗಳನ್ನು ಹುಡುಕುವುದಕ್ಕೂ ಇಂಥ ಕೂಡುಬುದ್ಧಿ ಬೇಕು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳನ್ನು, ಮೈಸೂರು ಸಂಸ್ಥಾನದ ಶಾಸನಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳಲ್ಲಿ ಹುಡುಕಿದ ವಿದ್ಯಾರ್ಥಿ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಹರಪನಹಳ್ಳಿ ಆಗ ಇದ್ದ ಬಳ್ಳಾರಿ ಜಿಲ್ಲೆ 1953ರವರೆಗೆ ಮದರಾಸಿಗೆ ಸೇರಿದ್ದರಿಂದ ಅವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೆಯ ಸಂಪುಟದಲ್ಲಿ ಅಚ್ಚಾಗಿವೆ. ಹರಪನಹಳ್ಳಿಯೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಪ್ರತಿ ಬದಲಾವಣೆಗೂ ಪುಟ ತಿದ್ದಬೇಕು, ಹಳೆಯ ಜಿಲ್ಲೆಯ ಹೆಸರಿನಲ್ಲಿರುವ ಆಕರವೂ ಕೈತಪ್ಪಬಾರದು.

ಅಡ್ಡಿಗಳು ಸಣ್ಣವಲ್ಲ. ಅಧ್ಯಾಪಕರ ಹಳೆಯ ಟಿಪ್ಪಣಿಗಳು ನುಡಿ ತಂತ್ರಾಂಶದ ಹಿಂದಿನ ಅಕ್ಷರವಿನ್ಯಾಸದಲ್ಲಿದ್ದರೆ, ಅವನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಗಣಕಗಳೂ ಒಂದೇ ರೀತಿ ಓದುವ ಸಂಕೇತಕ್ಕೆ ಪರಿವರ್ತಿಸದ ಹೊರತು ಪುಟದಲ್ಲಿ ಕನ್ನಡವೇ ಕಾಣಿಸದು. ಲೇಖನದ ಉದ್ದಕ್ಕೆ ಮಾತ್ರ ಅಂಕ ಸಿಗುವಲ್ಲಿ ಇತರರ ಪುಟ ತಿದ್ದುವ ಉತ್ಸಾಹ ಯಾರಿಗೂ ಇರುವುದಿಲ್ಲ. ಚರ್ಚಾಪುಟದಲ್ಲಿ ಕೊಟ್ಟ ಕಾರಣಗಳಿಗೂ ಅಂಕ ಸಲ್ಲಬೇಕಾದುದು ನ್ಯಾಯ.

ಇವೆರಡಕ್ಕಿಂತ ಕಠಿಣವಾದುದು ಮೌಖಿಕ ಜ್ಞಾನದ ಪ್ರಶ್ನೆ, ಏಕೆಂದರೆ ವಿಕಿಪೀಡಿಯ ಪ್ರಕಟಿತ ಆಕರವನ್ನು ಕೇಳುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಮೈಲಾರಲಿಂಗನ ಭಕ್ತನಾದ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ, ಅಂದರೆ ಭವಿಷ್ಯವಾಣಿ, ಒಂದೇ ಸಾಲಿನದು. ಅದನ್ನು ಮಳೆ ಬೆಳೆಗೆ, ರಾಜಕಾರಣಕ್ಕೆ ಜನ ತಮ್ಮ ತಮ್ಮಂತೆ ಅನ್ವಯಿಸುತ್ತಾರೆ. ಪತ್ರಿಕೆಯಲ್ಲಿ ಬಂದ ಸಾಲಿಗೆ ವಿಕಿಪೀಡಿಯದಲ್ಲಿ ಸ್ಥಳವುಂಟು, ಜನರು ಹೇಳುವ ಅರ್ಥಗಳಿಗಿಲ್ಲ. ಕಾಲೇಜೇ ತನ್ನದೊಂದು ವಿಕಿಯನ್ನು ತೆರೆದು, ಹೇಳಿದವರ ಒಪ್ಪಿಗೆ ಪಡೆದು, ಯಾವ ಊರಿನ ರೈತ, ಯಾವ ವರ್ಷದ ನುಡಿಗೆ, ಯಾವ ಅರ್ಥ ಕೊಟ್ಟನೆಂಬುದನ್ನು ಭಿನ್ನತೆಗಳ ಸಮೇತ ದಾಖಲಿಸಿಕೊಂಡರೆ, ಮುಂದಿನ ವರ್ಷದ ತರಗತಿಗೆ ಹಿಂದಿನ ಮಳೆಗಾಲದ ಬದಿಗೆ ಆ ಸಾಲನ್ನಿಟ್ಟು ಓದಲು ಬರುತ್ತದೆ.