ಮೈಸೂರಿನ ಗಾಡಿ, ಹಾವೇರಿಯ ಮಿಸ್ತ್ರಿ

ಕಾರ್ಖಾನೆಗಳ ಚರಿತ್ರೆ ಬರೆಯುವವರಿದ್ದಾರೆ. ಮಾಲೀಕರ ಹೆಸರು, ಉದ್ಘಾಟನೆಯ ವರ್ಷ, ಬೀಗ ಬಿದ್ದ ವರ್ಷ ಎಲ್ಲವೂ ಎಲ್ಲೋ ಒಂದು ಕಡೆ ದಾಖಲಾಗಿರುತ್ತವೆ. ಆದರೆ ಕಾರ್ಖಾನೆ ಮುಚ್ಚಿದ ಮೇಲೂ ಅದರ ಸರಕನ್ನು ದಶಕಗಳ ಕಾಲ ರಸ್ತೆಯ ಮೇಲೆ ಉಳಿಸಿದವರ ಚರಿತ್ರೆ ಯಾವ ದಾಖಲೆಯಲ್ಲೂ ಇಲ್ಲ. ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್‌ಗಳ ವಿಷಯದಲ್ಲಿ ಈ ಮಾತು ಹೆಚ್ಚು ನಿಜ. ಅವು ಹುಟ್ಟಿದ್ದು ಮೈಸೂರಿನಲ್ಲಿ. ಉಳಿದದ್ದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ತಗಡಿನ ಚಪ್ಪರದ ಕೆಳಗೆ, ಮಿಸ್ತ್ರಿಗಳ ಕೈಯಲ್ಲಿ.

ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಷೆಕ್ ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡರು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಆಯಿತು. ಸ್ವಾತಂತ್ರ್ಯಾನಂತರ ನಮ್ಮ ದೇಶ ವಾಹನಗಳ ಆಮದಿಗೆ ತಡೆ ಹಾಕಿ ಇಲ್ಲೇ ತಯಾರಿಸಿ ಎಂದಾಗ, ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರ ಹೊತ್ತಿಗೆ ಗಾಡಿಯ ಹೆಸರು ಯೆಜ್ಡಿ ಎಂದು ಬದಲಾಯಿತು. ಅದು ಇರಾನಿನ ಯಜ್ದ್ ಪಟ್ಟಣದ ನೆನಪು. ಝೆಕ್ ದೇಶದ ಯಂತ್ರ, ಇರಾನಿನ ಹೆಸರು, ಮೈಸೂರಿನ ಕಾರ್ಮಿಕರ ಕೈ: ಮೂರು ನಾಡುಗಳು ಸೇರಿದ ಈ ಗಾಡಿ ಕನ್ನಡ ಜಿಲ್ಲೆಗಳ ರಸ್ತೆಗಳಿಗೆ ಪರಕೀಯ ಅನಿಸಲೇ ಇಲ್ಲ.

ಅದಕ್ಕೆ ಕಾರಣ ಯಂತ್ರದ ಸರಳತೆ. 250 ಸಿಸಿಯ ಎರಡು ಹೊಡೆತದ ಎಂಜಿನ್, ಅಂದರೆ ಜನ ಹೇಳುವ ಟೂ ಸ್ಟ್ರೋಕ್. ಇದರಲ್ಲಿ ವಾಲ್ವುಗಳಿಲ್ಲ, ಕ್ಯಾಮ್ ಇಲ್ಲ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಸರಳೇ ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಸರಳು. ಭಾರ ಹೊತ್ತು, ಕೆಟ್ಟ ದಾರಿಯಲ್ಲಿ, ಎರೆಮಣ್ಣಿನ ರಾಡಿಯಲ್ಲಿ ಎಳೆಯುವ ತಾಕತ್ತು ಅದಕ್ಕಿತ್ತು. ಹೊಲ, ಸಂತೆ, ಶಾಲೆ, ಬೀಗರ ಊರು ಎಲ್ಲಕ್ಕೂ ಒಂದೇ ಗಾಡಿ ಸಾಕಾಗುತ್ತಿತ್ತು.

1980ರ ದಶಕದ ನಡುವೆ ಗಾಳಿ ಬದಲಾಯಿತು. ಜಪಾನಿನ ಕಂಪನಿಗಳ ಸಹಯೋಗದಲ್ಲಿ 100 ಸಿಸಿಯ ಹಗುರ ಗಾಡಿಗಳು ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವುದನ್ನೇ ಜಾಹೀರಾತು ಮಾಡಿಕೊಂಡಿತು. ಮುಂದೆ ಹೊಗೆಯ ನಿಯಮಗಳು ಬಿಗಿಯಾದವು. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುವ ಯಂತ್ರಕ್ಕೆ ಅಲ್ಲಿ ಜಾಗ ಉಳಿಯಲಿಲ್ಲ. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು.

ಇಲ್ಲೊಂದು ಸ್ವಾರಸ್ಯವಿದೆ. ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಅಂದರೆ ಜಿಲ್ಲೆ ಹುಟ್ಟುವ ಹೊತ್ತಿಗೆ ಕಾರ್ಖಾನೆ ಇರಲಿಲ್ಲ. ಬ್ಯಾಡಗಿಯ ಯಾವುದೋ ಓಣಿಯಲ್ಲಿ ನಿಂತಿರುವ ಯೆಜ್ಡಿಯ ಫಲಕದಲ್ಲಿ ಧಾರವಾಡದ ಕೆಎ 25 ಇದ್ದರೆ ಅದು ಹಳೆಯ ಭೂಪಟದ ಗುರುತು. ಹಾವೇರಿ ಜಿಲ್ಲೆಯ ಪಾಲಿಗೆ ಯೆಜ್ಡಿ ಮೊದಲ ದಿನದಿಂದಲೂ ಹಳೆಯ ಗಾಡಿಯೇ. ಹಾಗಾಗಿ ಈ ಜಿಲ್ಲೆಯಲ್ಲಿ ಅದರ ಚರಿತ್ರೆ ಎಂದರೆ ಪೂರ್ತಿಯಾಗಿ ದುರಸ್ತಿಯ ಚರಿತ್ರೆ.

ದುರಸ್ತಿ ಎಂಬುದು ಫಾರ್ಸಿಯ 'ದುರುಸ್ತ್' ಶಬ್ದದಿಂದ ಬಂದದ್ದು. ಸರಿಯಾದದ್ದು, ನೆಟ್ಟಗಿರುವುದು ಎಂದು ಅರ್ಥ. ಮಿಸ್ತ್ರಿ ಎಂಬುದು ಪೋರ್ಚುಗೀಸರಿಂದ ಬಂದದ್ದು; ಅದರ ಮೂಲಾರ್ಥ ಗುರು. ಗ್ಯಾರೇಜಿನಲ್ಲಿ ಉಸ್ತಾದ್, ಶಾಗಿರ್ದ್, ಪುರ್ಜಾ ಎಂಬ ಮಾತುಗಳು ಕನ್ನಡದ ಜೊತೆ ಸಲೀಸಾಗಿ ಓಡಾಡುತ್ತವೆ. ಈ ಕಸುಬಿನಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಆದರೆ ಮುಸ್ಲಿಮರ ಪಾಲು ದೊಡ್ಡದು. ಸ್ವಂತ ದುಡಿಮೆಯ ಮೇಲೆ ಮುಸ್ಲಿಮರ ಅವಲಂಬನೆ ಹೆಚ್ಚೆಂದೂ, ವಾಹನ ಮಾರಾಟ ಮತ್ತು ರಿಪೇರಿಯಂಥ ಕೆಲಸಗಳಲ್ಲಿ ಅವರ ಪ್ರಮಾಣ ಎದ್ದು ಕಾಣುತ್ತದೆಂದೂ 2006ರ ಸಾಚಾರ್ ಸಮಿತಿ ವರದಿ ಗುರುತಿಸಿತು. ಶಾಲೆ ಅರ್ಧಕ್ಕೆ ಬಿಟ್ಟ ಹುಡುಗನನ್ನು ತಂದೆ ಗ್ಯಾರೇಜಿಗೆ ತಂದು ಬಿಡುವುದು ನಮ್ಮ ಓಣಿಗಳ ಸಾಮಾನ್ಯ ಸಂಗತಿ. ಮೊದಲು ಸೀಮೆಎಣ್ಣೆಯಲ್ಲಿ ಪುರ್ಜೆ ತೊಳೆಯುವುದು, ಆಮೇಲೆ ಕೇಳಿದ ಪಾನಾ ಕೊಡುವುದು, ವರ್ಷಗಳ ಮೇಲೆ ಎಂಜಿನ್ ಬಿಚ್ಚುವುದು. ಇದೇ ಅಲ್ಲಿನ ಪಠ್ಯಕ್ರಮ.

ಈ ವಿದ್ಯೆಯ ಆಳ ತಿಳಿಯಬೇಕಾದರೆ ಎಣ್ಣೆ ಸೋರುವ ಒಂದೇ ರೋಗವನ್ನು ನೋಡಿದರೆ ಸಾಕು. ಹಳೆಯ ಗಾಡಿ ಎಂದ ಮೇಲೆ ಎಣ್ಣೆ ಸೋರುವುದೇ ಎಂದು ಜನ ನಂಬಿದ್ದಾರೆ. ಬಲ್ಲ ಮಿಸ್ತ್ರಿ ಇದನ್ನು ಒಪ್ಪುವುದಿಲ್ಲ. ಗ್ಯಾರೇಜುಗಳಲ್ಲಿ ಕೇಳಿಬರುವ ಮಾತುಕತೆ ಹೀಗಿರುತ್ತದೆ:

"ಮಿಸ್ತ್ರಿ ಸಾಬ್ರ, ಗಾಡಿ ಎಣ್ಣಿ ಕುಡ್ಯಾಕತ್ತೈತ್ರಿ, ಒಂದೀಟು ನೋಡ್ರಿ."

"ನಿಂತಾಗ ಸೋರ್ತೈತೋ, ಓಡಿಸಿ ಬಂದ ಮ್ಯಾಲೆ ಸೋರ್ತೈತೋ ಗೌಡ್ರ?"

"ಸೋರೂದು ಕಾಣೂದಿಲ್ರಿ. ಆದ್ರ ಎಣ್ಣಿ ಕಡಿಮಿ ಆಗ್ತೈತಿ, ಹೊಗಿ ಭಾಳ."

ಈ ಮೂರು ಮಾತಿನಲ್ಲೇ ಅರ್ಧ ರೋಗ ಪತ್ತೆಯಾಗಿರುತ್ತದೆ. ಯೆಜ್ಡಿಯಲ್ಲಿ ಎರಡು ಬಗೆಯ ಎಣ್ಣೆಗಳಿವೆ. ಒಂದು ಪೆಟ್ರೋಲಿನಲ್ಲಿ ಬೆರೆತು ಸುಟ್ಟುಹೋಗುವಂಥದ್ದು. ಇನ್ನೊಂದು ಗೇರ್‌ಬಾಕ್ಸ್ ಮತ್ತು ಕ್ಲಚ್ಚಿನ ಭಾಗದಲ್ಲಿ ಉಳಿಯಬೇಕಾದದ್ದು. ಈ ಎರಡರ ನಡುವೆ, ಕ್ರ್ಯಾಂಕ್ ದಂಡದ ಸುತ್ತ, ಆಯಿಲ್ ಸೀಲ್ ಎಂಬ ರಬ್ಬರಿನ ಬಳೆಯೊಂದಿದೆ. ಅದು ಬಿರುಸಾದರೆ ಅಥವಾ ಬೇರಿಂಗ್ ಸಡಿಲವಾಗಿ ದಂಡವೇ ಅದನ್ನು ತಿಂದರೆ, ಗೇರಿನ ಎಣ್ಣೆಯನ್ನು ಎಂಜಿನ್ ಒಳಗೆಳೆದು ಸುಡುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ, ಆದರೆ ಹೊಗೆ ನಿಲ್ಲುವುದಿಲ್ಲ. ಇನ್ನೊಂದು ಬದಿಯ ಸೀಲ್ ಹೋದರೆ ಎಣ್ಣೆಯ ಬದಲು ಹೊರಗಿನ ಗಾಳಿ ಒಳನುಗ್ಗುತ್ತದೆ. ಆಗ ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಅರಚುತ್ತದೆ, ಕಾಯುತ್ತದೆ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಣ್ಣಿಗೆ ಕಾಣುವ ಸೋರಿಕೆಗಿಂತ ಕಾಣದ ಸೋರಿಕೆ ಅಪಾಯಕಾರಿ.

ಹೊರಗೆ ಕಾಣುವ ಸೋರಿಕೆಯೂ ಮೋಸ ಮಾಡುತ್ತದೆ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಅದರ ಭಾರ ಕೆಳಕ್ಕೆ ಎಳೆಯುತ್ತದೆ. ಹನಿ ಬೀಳುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಅದಕ್ಕೇ ಎಂಜಿನನ್ನು ಪೆಟ್ರೋಲಿನಿಂದ ತೊಳೆದು ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಅಥವಾ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಚಾಲೂ ಇಡುತ್ತಾರೆ. ಬಿಳಿಯ ಮೇಲೆ ಎಲ್ಲಿ ಮೊದಲ ಕಪ್ಪು ಗೆರೆ ಮೂಡುತ್ತದೋ ಅಲ್ಲಿದೆ ಮೂಲ.

ಅನೇಕ ಸಲ ಆ ಮೂಲ ಹಿಂದಿನ ರಿಪೇರಿಯ ಗಾಯವೇ ಆಗಿರುತ್ತದೆ. ಎಂಜಿನ್ ಪೆಟ್ಟಿಗೆಯ ಎರಡು ಹೋಳುಗಳು ಸುಲಭಕ್ಕೆ ಬಿಡಲಿಲ್ಲವೆಂದು ಯಾರೋ ನಡುವೆ ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿರುತ್ತಾರೆ. ಮೆತ್ತಗಿನ ಅಲ್ಯೂಮಿನಿಯಂ ಮೇಲೆ ಬಿದ್ದ ಆ ಗೀರು ಮುಂದೆ ಎಷ್ಟು ಬೋಲ್ಟ್ ಬಿಗಿದರೂ ಮುಚ್ಚುವುದಿಲ್ಲ. ಇನ್ನೂ ಬಿಗಿದರೆ ಮರೆ ಕಿತ್ತು ಬರುತ್ತದೆ. ಸಣ್ಣ ಮುಚ್ಚಳವಾದರೆ ದಪ್ಪ ಗಾಜಿನ ಮೇಲೆ ಎಮೆರಿ ಕಾಗದವಿಟ್ಟು, ಮುಖ ಸಮನಾಗುವವರೆಗೆ ತಾಳ್ಮೆಯಿಂದ ಉಜ್ಜುತ್ತಾರೆ. ಪ್ಯಾಕಿಂಗ್ ಕಾಗದವನ್ನು ಅಂಚಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಕತ್ತರಿಸುತ್ತಾರೆ. ಹೊಸ ಸೀಲ್ ಕೂಡಿಸುವಾಗ ದಂಡದ ಹಲ್ಲುಗಳು ಅದರ ತುಟಿಯನ್ನು ಕೊಯ್ಯದಂತೆ ತೆಳು ಪ್ಲಾಸ್ಟಿಕ್ ಸುತ್ತುತ್ತಾರೆ. ಬುಲೆಟ್ ಆದರೆ ದಾರಿಯೇ ಬೇರೆ. ಅದರ ಎಂಜಿನ್ ಉಸಿರಾಡುವ ನಳಿಗೆ ಕಟ್ಟಿದರೆ ಒಳಗೆ ಒತ್ತಡ ಏರಿ ಸಿಕ್ಕ ಸಿಕ್ಕ ಸಂದಿನಿಂದ ಎಣ್ಣೆ ಹೊರಬರುತ್ತದೆ. ಅಲ್ಲಿ ಪ್ಯಾಕಿಂಗ್ ಬದಲಿಸಿ ಉಪಯೋಗವಿಲ್ಲ, ನಳಿಗೆ ಸ್ವಚ್ಛ ಮಾಡಬೇಕು. ಸೋರಿಕೆ ನಿಲ್ಲಿಸುವುದೆಂದರೆ ಬಿಗಿಯುವುದಲ್ಲ, ಕಾರಣ ಹುಡುಕುವುದು.

ಕಟ್ಟಿದ ಎಂಜಿನ್ ಸರಿಯಾಗಿದೆಯೇ ಎಂಬುದನ್ನು ರಸ್ತೆಯೇ ಹೇಳಬೇಕು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ ಗಾಡಿಯನ್ನು ಮೊದಲ ಐನೂರು ಕಿಲೋಮೀಟರ್ 40-50ರ ವೇಗ ಮೀರಿಸಬಾರದೆಂಬುದು ಹಳೆಯ ಕಟ್ಟಳೆ. ಟ್ರಯಲಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ತ್ರಿಕೋನ ಹೇಳಿ ಮಾಡಿಸಿದಂತಿದೆ. ಹಾವೇರಿಯಿಂದ ಹೊರಟರೆ ಹಿಂದೆ ನಾಲ್ಕು, ಈಗ ನಲವತ್ತೆಂಟು ಎನಿಸಿಕೊಂಡಿರುವ ಹೆದ್ದಾರಿ. ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವರ ಊರಾದ ಮೋಟೆಬೆನ್ನೂರಿನಲ್ಲಿ ಮೊದಲ ನಿಲುಗಡೆ. ಅಲ್ಲಿ ಎಂಜಿನ್ ಆರಿಸಿ, ಕೀಲುಗಳ ಮೇಲೆ ಬೆರಳಾಡಿಸಿ ನೋಡಬೇಕು. ರಸ್ತೆಯ ಧೂಳು ಅಂಟಿದ ಕಡೆ ಎಣ್ಣೆ ಇದೆ ಎಂದರ್ಥ. ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ಹೊರಳಿದರೆ ವೇಗ ತಾನಾಗಿ ಇಳಿಯುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿಯ ಪೇಟೆ ಅದು. ಸುಗ್ಗಿಯಲ್ಲಿ ಗಾಡಿಗಿಂತ ಮೊದಲು ಸವಾರನೇ ಸೀನುತ್ತಾನೆ. ಸಂದಣಿಯಲ್ಲಿ ಕಡಿಮೆ ವೇಗದಲ್ಲಿ ಎಂಜಿನ್ ಕಾಯುವುದೇ, ಕ್ಲಚ್ ಜಾರುವುದೇ, ನಿಂತಲ್ಲಿ ಎಂಜಿನ್ ಸಮನಾಗಿ ಬಡಿದುಕೊಳ್ಳುವುದೇ ಎಂಬುದು ಅಲ್ಲಿ ತಿಳಿಯುತ್ತದೆ. ಅಲ್ಲಿಂದ ರಾಣೆಬೆನ್ನೂರಿನ ಕಡೆಗೆ ಒಂದೇ ಹದದಲ್ಲಿ ಓಡಿಸಿ, ಥಟ್ಟನೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಪ್ಲಗ್ ಬಿಚ್ಚಬೇಕು. ಅದರ ಮೂತಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಆರೋಗ್ಯ. ಬೆಳ್ಳಗಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಕಪ್ಪಾಗಿ ಒದ್ದೆಯಿದ್ದರೆ ಎಣ್ಣೆ ಹೆಚ್ಚಾಗಿದೆ. ಊರಿಗೆ ಮರಳಿ, ಎಂಜಿನ್ ಪೂರ್ತಿ ಆರಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಎದುರು ಬದುರಾಗಿ ಮತ್ತೊಮ್ಮೆ ಹದವಾಗಿ ಬಿಗಿದರೆ ಟ್ರಯಲ್ ಮುಗಿಯಿತು.

ಈಗ ಹಳೆಯ ಗಾಡಿಗಳಿಗೆ ಬೆಲೆ ಬಂದಿದೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಆಚರಿಸುವ ಸವಾರರ ಸಂಘಗಳಿವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು. ಅವು ಮೈಸೂರಿನವಲ್ಲ, ಟೂ ಸ್ಟ್ರೋಕ್ ಕೂಡ ಅಲ್ಲ. ಹೆಸರು ಮರಳಿತು, ಯಂತ್ರ ಮರಳಲಿಲ್ಲ. ಹೀಗಾಗಿ ಹಳೆಯ ಯಂತ್ರದ ವಿದ್ಯೆ ಉಳಿದಿರುವುದು ವಯಸ್ಸಾದ ಮಿಸ್ತ್ರಿಗಳಲ್ಲಿ ಮಾತ್ರ. 2020ರ ಏಪ್ರಿಲಿನಲ್ಲಿ ಬಂದ ಬಿಎಸ್ 6 ನಿಯಮದ ನಂತರ ಹೊಸ ಗಾಡಿಯ ರೋಗವನ್ನು ಸ್ಕ್ಯಾನರ್ ಹೇಳುತ್ತದೆ. ಕಿವಿಯಿಂದ, ಮೂಗಿನಿಂದ, ಬೆರಳ ತುದಿಯಿಂದ ರೋಗ ಹಿಡಿಯುವುದನ್ನು ಕಲಿಯಲು ಇಂದಿನ ಹುಡುಗನಿಗೆ ಕಾರಣವೂ ಕಡಿಮೆ, ಗಳಿಕೆಯೂ ಕಡಿಮೆ. ಆತ ಗ್ಯಾರೇಜು ಬಿಟ್ಟು ಶಾಲೆಗೆ ಹೋದರೆ ಸಂತೋಷಪಡಬೇಕು, ಹಳಹಳಿಸಬೇಕಿಲ್ಲ. ಆದರೆ ಶಾಲೆಗೆ ಹೋದ ಆ ಮಗ ತನ್ನ ತಂದೆ ಬಲ್ಲದ್ದನ್ನು ವಿದ್ಯೆಯೆಂದು ಗುರುತಿಸಬೇಕಲ್ಲ?

ಕೈಕಸುಬು ಬಲ್ಲವರ ಪೂರ್ವಜ್ಞಾನವನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು 2015ರ ಕೇಂದ್ರದ ಕೌಶಲ ಯೋಜನೆಯಲ್ಲಿ ಬಂತು. ಅದು ಒಳ್ಳೆಯದೇ. ಆದರೆ ಪ್ರಮಾಣಪತ್ರ ಮನುಷ್ಯನನ್ನು ಗುರುತಿಸುತ್ತದೆಯೇ ಹೊರತು ಅವನು ಬಲ್ಲದ್ದನ್ನು ಬರೆದಿಡುವುದಿಲ್ಲ. ಜಾನಪದ ವಿಶ್ವವಿದ್ಯಾಲಯ ಇದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ. ಹಾಡು, ಕತೆ, ಬಯಲಾಟಗಳನ್ನು ಸಂಗ್ರಹಿಸಿದ ನಾವು ಮಿಸ್ತ್ರಿಯ ಬಾಯಿಂದ ಯಂತ್ರದ ಮಾತನ್ನೂ ಬರೆದುಕೊಳ್ಳಬಹುದು. ಪೌಡರ್ ಉದುರಿಸಿ ಸೋರಿಕೆ ಹುಡುಕುವುದು, ಪ್ಲಗ್ಗಿನ ಬಣ್ಣ ಓದುವುದು ಕೂಡ ಜನರು ಕಟ್ಟಿಕೊಂಡ ಜ್ಞಾನವೇ. ಒಬ್ಬ ಮಿಸ್ತ್ರಿ ಕಣ್ಮುಚ್ಚಿದರೆ ಒಂದು ಪುಸ್ತಕ ಅಚ್ಚಾಗದೆಯೇ ಕಳೆದುಹೋಗುತ್ತದೆ. ಈ ಸೋರಿಕೆಯೂ ಕಣ್ಣಿಗೆ ಕಾಣದ ಬಗೆಯದು.