ಅತಿಥಿಗಳೆಂದು ಕರೆಯಲ್ಪಟ್ಟವರ ಮಕ್ಕಳು

1965ರ ಫೆಬ್ರವರಿ 3. ರಮಝಾನಿನ ಉಪವಾಸಗಳು ಮುಗಿದಿದ್ದವು. ಪಶ್ಚಿಮ ಜರ್ಮನಿಯ ಕಲೋನ್ ನಗರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ನೂರಾರು ತುರ್ಕಿ ಕಾರ್ಮಿಕರಿಗೆ ಒಟ್ಟಾಗಿ ಈದ್ ನಮಾಝಿಗೆ ನಿಲ್ಲಲು ಆ ಊರಿನಲ್ಲಿ ತಕ್ಕ ಮಸೀದಿ ಇರಲಿಲ್ಲ. ಅವರ ಕೋರಿಕೆಯನ್ನು ಮನ್ನಿಸಿ ಕ್ರೈಸ್ತ ಧರ್ಮಗುರುಗಳು ನಗರದ ಪ್ರಸಿದ್ಧ ಕ್ಯಾಥೆಡ್ರಲಿನ ಒಂದು ಪಾರ್ಶ್ವವನ್ನು ಬಿಟ್ಟುಕೊಟ್ಟರು. ಎತ್ತರದ ಕಲ್ಲುಕಂಬಗಳ ನಡುವೆ ಈದುಲ್ ಫಿತ್ರ್ ನಮಾಝ್ ನೆರವೇರಿತು.

ಆತಿಥ್ಯದ ದೃಷ್ಟಿಯಿಂದ ಇದು ಸ್ಮರಣೀಯ ಘಟನೆ. ಆದರೆ ಒಬ್ಬನನ್ನು ಅತಿಥಿಯೆಂದು ಸ್ವಾಗತಿಸುವುದು ಬೇರೆ, ಮನೆಯವನೆಂದು ಒಪ್ಪಿಕೊಳ್ಳುವುದು ಬೇರೆ. ಜರ್ಮನಿಯ ತುರ್ಕಿ ವಲಸಿಗರ ಚರಿತ್ರೆಯನ್ನು ಅವಲೋಕಿಸಿದರೆ, ಮೊದಲನೆಯದರಿಂದ ಎರಡನೆಯದಕ್ಕೆ ಬರಲು ಎಷ್ಟು ಕಾಲ ಹಿಡಿಯಿತು, ಆ ವಿಳಂಬದ ಬೆಲೆಯನ್ನು ಯಾರು ತೆತ್ತರು ಎಂಬುದು ಸ್ಪಷ್ಟವಾಗುತ್ತದೆ. ಗಲ್ಫ್ ನಾಡುಗಳ ದುಡಿಮೆಯನ್ನು ಎರಡು ಮೂರು ತಲೆಮಾರುಗಳಿಂದ ಕಂಡಿರುವ ನಮ್ಮ ಕುಟುಂಬಗಳಿಗೆ ಈ ಚರಿತ್ರೆ ಅಪರಿಚಿತವೆನಿಸಲಾರದು.

ಒಪ್ಪಂದ ಮತ್ತು ರೈಲುಗಳು

ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯ ಕೈಗಾರಿಕೆಗಳು ತೀವ್ರಗತಿಯಲ್ಲಿ ಬೆಳೆದವು. ಕಾರ್ಮಿಕರ ಕೊರತೆಯನ್ನು ನೀಗಿಸಲು ಸರಕಾರವು 1955ರಲ್ಲಿ ಇಟಲಿಯೊಂದಿಗೆ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್‌ಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. 1961ರ ಆಗಸ್ಟ್ 13ರಂದು ಬರ್ಲಿನ್ ಗೋಡೆ ಎದ್ದಾಗ ಪೂರ್ವ ಜರ್ಮನಿಯಿಂದ ಬರುತ್ತಿದ್ದ ಕಾರ್ಮಿಕರ ಹರಿವೂ ನಿಂತಿತು. ಅದೇ ವರ್ಷದ ಅಕ್ಟೋಬರ್ 30ರಂದು ತುರ್ಕಿಯೊಂದಿಗೆ ಒಪ್ಪಂದವಾಯಿತು.

ಇಸ್ತಾಂಬುಲ್‌ನಲ್ಲಿ ತೆರೆಯಲಾದ ನೇಮಕಾತಿ ಕಚೇರಿಯಲ್ಲಿ ಅಭ್ಯರ್ಥಿಗಳ ಹಲ್ಲು, ಕಣ್ಣು, ರಕ್ತ ಎಲ್ಲವನ್ನೂ ಪರೀಕ್ಷಿಸಲಾಗುತ್ತಿತ್ತು. ಆರಿಸಲ್ಪಟ್ಟವರು ದಿನಗಟ್ಟಲೆ ರೈಲಿನಲ್ಲಿ ಪಯಣಿಸಿ ಮ್ಯೂನಿಚ್ ನಿಲ್ದಾಣದ 11ನೇ ಪ್ಲಾಟ್‌ಫಾರ್ಮಿನಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಕೆಲವರು ರೂರ್ ಪ್ರದೇಶದ ಕಲ್ಲಿದ್ದಲು ಗಣಿಗಳಿಗೂ ಕೆಲವರು ಕಲೋನ್, ಸ್ಟುಟ್‌ಗಾರ್ಟ್ ನಗರಗಳ ವಾಹನ ಕಾರ್ಖಾನೆಗಳಿಗೂ ಹಂಚಿಹೋಗುತ್ತಿದ್ದರು. ವಿದ್ಯುತ್ ಉಪಕರಣಗಳ ಕಾರ್ಖಾನೆಗಳಿಗೆ ಮಹಿಳೆಯರೂ ಗಣನೀಯ ಸಂಖ್ಯೆಯಲ್ಲಿ ಹೋದರು. 1961ರಿಂದ 1973ರವರೆಗೆ ಹೀಗೆ ತುರ್ಕಿಯಿಂದ ಬಂದವರ ಸಂಖ್ಯೆ ಸುಮಾರು 8 ಲಕ್ಷ 67 ಸಾವಿರ.

ಅವರನ್ನು ಜರ್ಮನ್ನರು 'ಗಾಸ್ಟ್‌ಆರ್ಬೈಟರ್' ಎಂದು ಕರೆದರು. ಅತಿಥಿ ಕಾರ್ಮಿಕ ಎಂಬುದು ಅದರ ಅರ್ಥ. ಪದದಲ್ಲಿ ಗೌರವವಿತ್ತು, ಆದರೆ ಅತಿಥಿಯಾದವನು ಒಂದು ದಿನ ಹೊರಡಲೇಬೇಕು ಎಂಬ ಸೂಚನೆಯೂ ಅದರಲ್ಲೇ ಅಡಗಿತ್ತು.

ಇಬ್ಬರೂ ನಂಬಿದ ಮಾತು

ಮೊದಲ ಒಪ್ಪಂದದ ಪ್ರಕಾರ ತುರ್ಕಿ ಕಾರ್ಮಿಕನು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿ ಉಳಿಯುವಂತಿರಲಿಲ್ಲ. ಅವನು ಮರಳಿದ ಮೇಲೆ ಅವನ ಸ್ಥಾನಕ್ಕೆ ಇನ್ನೊಬ್ಬ ಬರಬೇಕಿತ್ತು. ಕೆಲಸ ಕಲಿತವನನ್ನು ಕಳುಹಿಸಿ ಕಲಿಯದವನನ್ನು ತರುವುದು ನಷ್ಟವೆಂದು ಮಾಲೀಕರೇ ಆಕ್ಷೇಪಿಸಿದ್ದರಿಂದ 1964ರಲ್ಲಿ ಈ ಷರತ್ತು ರದ್ದಾಯಿತು. ಆದರೆ ಇವರು ತಾತ್ಕಾಲಿಕವಾಗಿ ಬಂದವರು ಎಂಬ ಭಾವನೆ ಮಾತ್ರ ಹಾಗೆಯೇ ಉಳಿಯಿತು.

ಇಲ್ಲಿ ನಾವು ಒಂದು ಅಂಶವನ್ನು ನ್ಯಾಯಯುತವಾಗಿ ಗಮನಿಸಬೇಕು. ಈ ಭಾವನೆ ಜರ್ಮನ್ನರಲ್ಲಿ ಮಾತ್ರ ಇರಲಿಲ್ಲ, ವಲಸಿಗರಲ್ಲಿಯೂ ಇತ್ತು. ಇನ್ನೆರಡು ವರ್ಷ ದುಡಿದು ಊರಿನಲ್ಲಿ ಹೊಲ ಕೊಳ್ಳೋಣ, ಮನೆ ಕಟ್ಟೋಣ, ಆಮೇಲೆ ಮರಳೋಣ ಎಂದು ಅವರೂ ಭಾವಿಸಿದ್ದರು. ಆ ಕಾರಣದಿಂದ ಭಾಷೆ ಕಲಿಯುವ ಅಗತ್ಯ ಅನೇಕರಿಗೆ ಕಾಣಲಿಲ್ಲ. ಅವರು ತಮ್ಮ ಸ್ಥಿತಿಯನ್ನು 'ಗುರ್ಬೆತ್' ಎನ್ನುತ್ತಿದ್ದರು. ಅರಬಿಯ 'ಗುರ್ಬತ್' ಎಂಬ ಪದವೇ ಅದು. ತನ್ನವರಿಂದ ದೂರವಾಗಿ ಪರನಾಡಿನಲ್ಲಿ ಪರಕೀಯನಾಗಿರುವ ಅವಸ್ಥೆಗೆ ಆ ಹೆಸರು.

1973ರ ತೈಲ ಬಿಕ್ಕಟ್ಟಿನ ಸಮಯದಲ್ಲಿ, ನವೆಂಬರ್ 23ರಂದು, ಜರ್ಮನ್ ಸರಕಾರವು ಹೊರದೇಶಗಳಿಂದ ಕಾರ್ಮಿಕರ ನೇಮಕಾತಿಯನ್ನು ನಿಲ್ಲಿಸಿತು. ವಲಸಿಗರ ಸಂಖ್ಯೆ ಇಳಿಯುವುದೆಂದು ನಿರೀಕ್ಷಿಸಲಾಗಿತ್ತು, ಆದದ್ದು ಬೇರೆ. ಈಗ ಊರಿಗೆ ಹೋದರೆ ಮತ್ತೆ ಬರಲು ಬಾಗಿಲಿಲ್ಲ ಎಂದು ತಿಳಿದ ಕಾರ್ಮಿಕರು ಉಳಿಯಲು ನಿರ್ಧರಿಸಿ ಪತ್ನಿ ಮಕ್ಕಳನ್ನು ಕರೆಸಿಕೊಂಡರು. ಒಂಟಿ ಗಂಡಸರ ವಸತಿಗಳಿದ್ದ ಜಾಗದಲ್ಲಿ ಸಂಸಾರಗಳು ನೆಲೆಗೊಂಡವು. ಕಟ್ಟಡಗಳ ಹಿತ್ತಿಲಲ್ಲಿ, ಹಳೆಯ ಗೋದಾಮುಗಳಲ್ಲಿ ನಮಾಝಿನ ಕೋಣೆಗಳು ಸಿದ್ಧವಾದವು.

1983ರಲ್ಲಿ ಸರಕಾರವು ಊರಿಗೆ ಮರಳಲೊಪ್ಪುವ ಅರ್ಹ ಕಾರ್ಮಿಕನಿಗೆ 10,500 ಮಾರ್ಕ್, ಪ್ರತಿ ಮಗುವಿಗೆ 1,500 ಮಾರ್ಕ್ ನೀಡುವ ಕಾನೂನನ್ನು ತಂದಿತು. ಹಲವರು ಹಣ ಪಡೆದು ಮರಳಿದರು. ಹೆಚ್ಚಿನವರು ಉಳಿದರು. ಜರ್ಮನಿಯು ವಲಸೆಯ ದೇಶವಲ್ಲ ಎಂದು ಅಲ್ಲಿನ ರಾಜಕಾರಣಿಗಳು ಆ ವರ್ಷಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದಾಗಲೇ ಅಲ್ಲಿನ ಹೆರಿಗೆ ಆಸ್ಪತ್ರೆಗಳಲ್ಲಿ ವಲಸಿಗರ ಮಕ್ಕಳು ಹುಟ್ಟುತ್ತಿದ್ದರು.

ಮಕ್ಕಳ ಪಾಡು

ಈ ಮಕ್ಕಳು ಜರ್ಮನಿಯಲ್ಲಿ ಹುಟ್ಟಿದ್ದರೂ ಜರ್ಮನ್ನರಾಗಿರಲಿಲ್ಲ. ಆ ದೇಶದ ಪೌರತ್ವ ಕಾನೂನು 1913ರದ್ದು. ಅದು ಜನ್ಮಸ್ಥಳವನ್ನು ಪರಿಗಣಿಸದೆ ವಂಶವನ್ನು ಮಾತ್ರ ಪರಿಗಣಿಸುತ್ತಿತ್ತು. ತಾನು ಕಂಡರಿಯದ ದೇಶದ ಪಾಸ್‌ಪೋರ್ಟ್ ಹಿಡಿದು, ತಾನು ಹುಟ್ಟಿದ ಊರಿನಲ್ಲಿ ವಾಸದ ಅನುಮತಿಗಾಗಿ ವಿದೇಶಿಯರ ಕಚೇರಿಯ ಸರದಿಯಲ್ಲಿ ನಿಲ್ಲಬೇಕಾದ ಸ್ಥಿತಿ ಅವರದ್ದಾಯಿತು. ಬವೇರಿಯದಂತಹ ರಾಜ್ಯದಲ್ಲಿ ಇವರು ಮುಂದೊಮ್ಮೆ ಮರಳುವವರೆಂಬ ಲೆಕ್ಕದಲ್ಲಿ ತಾಯ್ನುಡಿಯ ಪ್ರತ್ಯೇಕ ತರಗತಿಗಳನ್ನು ನಡೆಸಲಾಯಿತು. ಜೊತೆಯಲ್ಲಿ ಆಡಬೇಕಾದ ಮಕ್ಕಳು ಒಂದೇ ಶಾಲೆಯಲ್ಲಿ ಬೇರೆ ಬೇರೆಯಾಗಿ ಬೆಳೆದರು.

ತಂದೆ ತಾಯಿಯ ಊರಿಗೆ ಹೋದರೂ ಅವರಿಗೆ ನೆಮ್ಮದಿ ಇರಲಿಲ್ಲ. ಅವರ ತುರ್ಕಿ ಭಾಷೆಯ ಉಚ್ಚಾರವನ್ನು ಕೇಳಿ, ಉಡುಪನ್ನು ನೋಡಿ ಊರಿನವರು 'ಅಲ್ಮಾಂಜಿ' ಎಂದು ಕರೆಯುತ್ತಿದ್ದರು. ಜರ್ಮನಿಯವನಂತಾದವನು ಎಂಬ ಅಣಕ ಅದು. ಅಲ್ಲಿ ವಿದೇಶಿ, ಇಲ್ಲಿ ಅಲ್ಮಾಂಜಿ. ತಂದೆಗಾದರೋ ನೆನೆಯಲು ಒಂದು ಹುಟ್ಟೂರಿತ್ತು. ಮಗನಿಗೆ ಅದೂ ಇರಲಿಲ್ಲ. ತಾತ್ಕಾಲಿಕ ಎಂಬ ಮಾತನ್ನು ಆಡಿದವರು ಹಿರಿಯರು ಮತ್ತು ಸರಕಾರ. ಅದರ ಭಾರವನ್ನು ಹೊತ್ತವರು ಮಾತ್ರ ಈ ಮಕ್ಕಳು.

ಪರಕೀಯರೆಂಬ ಭಾವನೆಯನ್ನು ದೀರ್ಘಕಾಲ ಪೋಷಿಸಿದರೆ ಅದು ದ್ವೇಷಕ್ಕೂ ಹಾದಿಯಾಗುತ್ತದೆ. 1992ರ ನವೆಂಬರ್ 23ರಂದು ಮೋಲ್ನ್ ಪಟ್ಟಣದಲ್ಲಿ ತುರ್ಕಿ ಕುಟುಂಬಗಳ ಮನೆಗಳಿಗೆ ಬೆಂಕಿಯಿಡಲಾಯಿತು, ಮೂವರು ಮೃತರಾದರು. 1993ರ ಮೇ 29ರ ರಾತ್ರಿ ಸೋಲಿಂಗನ್ ನಗರದಲ್ಲಿ ನಾಲ್ವರು ಯುವಕರು ಗೆಂಚ್ ಕುಟುಂಬದ ಮನೆಗೆ ಬೆಂಕಿ ಹಚ್ಚಿದರು. ಇಬ್ಬರು ಯುವತಿಯರು ಮತ್ತು ಮೂವರು ಬಾಲಕಿಯರು ಪ್ರಾಣ ಕಳೆದುಕೊಂಡರು. ಅವರಲ್ಲಿ ಅತ್ಯಂತ ಕಿರಿಯ ಮಗುವಿನ ವಯಸ್ಸು 4. ಕಲೋನ್‌ನಲ್ಲಿ ನಡೆದ ಶೋಕಸಭೆಗೆ ಚಾನ್ಸೆಲರ್ ಬರಲಿಲ್ಲ. ರಾಷ್ಟ್ರಾಧ್ಯಕ್ಷ ರಿಚರ್ಡ್ ಫಾನ್ ವೈಟ್ಸೆಕರ್ ಬಂದು ಮಾತನಾಡಿದರು.

ಆ ರಾತ್ರಿ ಇಬ್ಬರು ಪುತ್ರಿಯರನ್ನೂ ಇಬ್ಬರು ಮೊಮ್ಮಕ್ಕಳನ್ನೂ ಬಂಧುವಿನ ಮಗಳೊಬ್ಬಳನ್ನೂ ಕಳೆದುಕೊಂಡ ತಾಯಿ ಮೆವ್ಲೂದೆ ಗೆಂಚ್. ಬೀದಿಗಳಲ್ಲಿ ಆಕ್ರೋಶ ಭುಗಿಲೆದ್ದಿದ್ದಾಗ ಅವರು ದ್ವೇಷ ಬೇಡ, ಶಾಂತಿಯಿಂದ ಬಾಳೋಣ ಎಂದು ಮನವಿ ಮಾಡಿದರು. ಅವರು ಆ ನಗರವನ್ನು ಬಿಟ್ಟು ಹೋಗಲಿಲ್ಲ. ನಂತರ ಜರ್ಮನ್ ಪೌರತ್ವವನ್ನೂ ಸ್ವೀಕರಿಸಿದರು. 1996ರಲ್ಲಿ ದೇಶವು ಅವರನ್ನು ಉನ್ನತ ಗೌರವ ಪದಕದಿಂದ ಸನ್ಮಾನಿಸಿತು. ಸಬ್ರ್ ಎಂದರೆ ಸುಮ್ಮನಿರುವುದು ಎಂದು ತಿಳಿದವರು ಈ ತಾಯಿಯ ಬದುಕನ್ನೊಮ್ಮೆ ನೋಡಬೇಕು.

ಕಾನೂನು ಬದಲಾದ ಬಗೆ

2000ದ ಜನವರಿ 1ರಿಂದ ಹೊಸ ಪೌರತ್ವ ಕಾನೂನು ಜಾರಿಗೆ ಬಂದಿತು. ತಂದೆ ಅಥವಾ ತಾಯಿ 8 ವರ್ಷ ಕಾನೂನುಬದ್ಧವಾಗಿ ನೆಲೆಸಿದ್ದರೆ ಅಲ್ಲಿ ಹುಟ್ಟಿದ ಮಗು ಜನ್ಮದಿಂದಲೇ ಜರ್ಮನ್ ಪ್ರಜೆಯಾಗಬಹುದಿತ್ತು. ಆದರೆ ಇದಕ್ಕೆ ಮುನ್ನ, 1999ರಲ್ಲಿ, ದ್ವಿಪೌರತ್ವದ ವಿರುದ್ಧ ಸಹಿ ಸಂಗ್ರಹದ ದೊಡ್ಡ ಪ್ರಚಾರ ನಡೆದಿತ್ತು. ಅದರ ಪರಿಣಾಮವಾಗಿ ಇಂತಹ ಮಗು 18ರಿಂದ 23 ವರ್ಷದೊಳಗೆ ಎರಡು ಪೌರತ್ವಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ಷರತ್ತು ಸೇರಿತು. ತಂದೆ ತಾಯಿಯರ ನಾಡೋ, ಹುಟ್ಟಿದ ನಾಡೋ ಎಂದು ಹದಿಹರೆಯ ದಾಟಿದ ಮಗುವನ್ನು ಕೇಳಿದಂತಾಯಿತು. ಅಲ್ಲಿಯೇ ಬೆಳೆದವರಿಗೆ ಈ ಷರತ್ತು 2014ರಲ್ಲಿ ಸಡಿಲಗೊಂಡಿತು. 2024ರ ಜೂನ್ 27ರಿಂದ ದ್ವಿಪೌರತ್ವ ಎಲ್ಲರಿಗೂ ಸಾಧ್ಯವಾಯಿತು. ಅತಿಥಿ ಕಾರ್ಮಿಕರಾಗಿ ಬಂದ ಮೊದಲ ತಲೆಮಾರಿನ ವೃದ್ಧರಿಗೆ ಭಾಷಾ ಪರೀಕ್ಷೆಯ ನಿಯಮಗಳನ್ನೂ ಹಗುರಗೊಳಿಸಲಾಯಿತು. 1961ರ ಒಪ್ಪಂದದಿಂದ ಇಲ್ಲಿಗೆ ಬರಲು 63 ವರ್ಷಗಳು ಬೇಕಾದವು.

ಈ ನಡುವೆ ಆ ಮಕ್ಕಳು ದೊಡ್ಡವರಾದರು. ಕಾರ್ಮಿಕರೊಬ್ಬರ ಮಗ ಚೆಮ್ ಓಝ್ದೆಮಿರ್ 1994ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ 2021ರಲ್ಲಿ ಕೇಂದ್ರ ಸಚಿವರಾದರು. ಕಲೋನ್‌ನ ವಾಹನ ಕಾರ್ಖಾನೆಯಲ್ಲಿ ದುಡಿದ ತಂದೆಯ ಮಗ ಉವುರ್ ಶಾಹಿನ್ ಮತ್ತು ಅವರ ಪತ್ನಿ ಓಝ್ಲೆಮ್ ತುರೆಜಿ ಕಟ್ಟಿದ ಸಂಸ್ಥೆಯು ಕೋವಿಡ್ ಲಸಿಕೆಯನ್ನು ಸಿದ್ಧಪಡಿಸಿತು. ಆದರೆ ಗೆಲುವಿನಿಂದಷ್ಟೇ ಸಿಗುವ ಮನ್ನಣೆ ಭದ್ರವಾದುದಲ್ಲ. ಗೆಲ್ಸೆನ್‌ಕಿರ್ಷನ್‌ನಲ್ಲಿ ಹುಟ್ಟಿದ ಮೆಸುತ್ ಓಝಿಲ್ 2014ರಲ್ಲಿ ಜರ್ಮನಿಗೆ ಫುಟ್ಬಾಲ್ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. 2018ರಲ್ಲಿ ತುರ್ಕಿ ಅಧ್ಯಕ್ಷರೊಂದಿಗಿನ ಭಾವಚಿತ್ರದ ವಿವಾದವೆದ್ದು, ತಂಡವೂ ಸೋತಾಗ ಅವರು ರಾಷ್ಟ್ರೀಯ ತಂಡವನ್ನು ತೊರೆದರು. ಗೆದ್ದಾಗ ತನ್ನನ್ನು ಜರ್ಮನ್ನನೆಂದೂ ಸೋತಾಗ ವಲಸಿಗನೆಂದೂ ಕಾಣಲಾಗುತ್ತದೆ ಎಂಬುದು ಅವರ ದೂರಾಗಿತ್ತು. ಆ ಭಾವಚಿತ್ರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಒಂದು ಪ್ರಶ್ನೆಯಂತೂ ಉಳಿಯುತ್ತದೆ. ಲಸಿಕೆ ಕಂಡುಹಿಡಿಯದ, ಗೋಲು ಹೊಡೆಯದ ಸಾಮಾನ್ಯ ವಲಸಿಗನ ಮಗನಿಗೆ ದೇಶ ತನ್ನದೆನ್ನುವ ಹಕ್ಕಿಲ್ಲವೇ?

ಮಣ್ಣಿನ ಪ್ರಶ್ನೆ

ಮನುಷ್ಯನು ಯಾವ ನಾಡನ್ನು ತನ್ನದೆಂದು ನಂಬಿದ್ದಾನೆ ಎಂಬುದು ಅವನ ದಫನದ ವಿಷಯದಲ್ಲಿ ಬಹಳ ಸ್ಪಷ್ಟವಾಗಿ ತಿಳಿಯುತ್ತದೆ. ಜರ್ಮನ್ ಮಣ್ಣಿನಲ್ಲಿ ಮುಸ್ಲಿಮರ ಕಬರ್‌ಗಳು ಹೊಸತಲ್ಲ. 1798ರಲ್ಲಿ ಉಸ್ಮಾನಿ ರಾಯಭಾರಿ ಅಲಿ ಅಝೀಝ್ ಎಫೆಂದಿ ಬರ್ಲಿನ್‌ನಲ್ಲಿ ನಿಧನರಾದಾಗ ಪ್ರಷ್ಯಾದ ಅರಸರು ದಫನಕ್ಕೆ ಭೂಮಿ ಕೊಟ್ಟಿದ್ದರು. 1866ರಲ್ಲಿ ಆ ಕಬರ್‌ಗಳನ್ನು ಸ್ಥಳಾಂತರಿಸಿ ಸ್ಥಾಪಿಸಿದ ದಫನ ಭೂಮಿ ಇಂದಿಗೂ ಅಲ್ಲಿದೆ.

ಆದರೂ ಅತಿಥಿ ಕಾರ್ಮಿಕರ ಪೈಕಿ ಹೆಚ್ಚಿನವರ ಮಯ್ಯಿತ್‌ಗಳನ್ನು ವಿಮಾನದಲ್ಲಿ ತುರ್ಕಿಗೆ ಕಳುಹಿಸಲಾಗುತ್ತಿತ್ತು. ಪೆಟ್ಟಿಗೆಯಲ್ಲಿಟ್ಟೇ ಹೂಳಬೇಕೆಂಬ ನಿಯಮ, ಕೆಲವು ದಶಕಗಳ ಬಳಿಕ ಗೋರಿಯ ಜಾಗವನ್ನು ಮರುಬಳಕೆ ಮಾಡುವ ಪದ್ಧತಿ ಇದಕ್ಕೆ ಒಂದು ಕಾರಣ. ಇದು ಪರನಾಡು ಎಂಬ ಭಾವನೆ ಇನ್ನೊಂದು ಕಾರಣ. ಈಗ ಅನೇಕ ರಾಜ್ಯಗಳು ಕಫನಿನಲ್ಲೇ ದಫನ ಮಾಡಲು ಅನುಮತಿಸಿವೆ. ತಂದೆಯ ಕಬರ್ ಬಳಿ ನಿಂತು ದುಆ ಮಾಡುವಂತಿರಬೇಕೆಂದು ಬಯಸುವ ಮಕ್ಕಳು ಅಲ್ಲಿಯೇ ದಫನ ಮಾಡತೊಡಗಿದ್ದಾರೆ. ಮೆವ್ಲೂದೆ ಗೆಂಚ್ 2022ರ ಅಕ್ಟೋಬರ್ 30ರಂದು, ಆ ಒಪ್ಪಂದಕ್ಕೆ 61 ವರ್ಷ ತುಂಬಿದ ದಿನವೇ, ನಿಧನರಾದರು. ಅವರನ್ನು ತುರ್ಕಿಯ ತಮ್ಮ ಹಳ್ಳಿಯಲ್ಲಿ, ಆ ರಾತ್ರಿ ಅಗಲಿದ ಮಕ್ಕಳು ಮಲಗಿರುವಲ್ಲಿ, ದಫನ ಮಾಡಲಾಯಿತು. ಪೌರತ್ವ ಒಂದು ನಾಡಿನದು, ಮಣ್ಣು ಇನ್ನೊಂದು ನಾಡಿನದು. ಅದರಲ್ಲಿ ಯಾವ ದ್ರೋಹವೂ ಇಲ್ಲ.

ಮದೀನಾದ ಪಾಠ

ವಲಸೆ ನಮ್ಮ ಚರಿತ್ರೆಯ ಮೊದಲ ಪುಟದಲ್ಲೇ ಇದೆ. ನಮ್ಮ ವರ್ಷಗಣನೆಯೇ ಹಿಜ್ರಾದಿಂದ ಆರಂಭವಾಗುತ್ತದೆ. ಮಕ್ಕಾದಿಂದ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಮುಂದಾದಾಗ ಅವರು ಕೃತಜ್ಞತೆಯಿಂದ ನಿರಾಕರಿಸಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ಮದೀನಾದಲ್ಲಿ ಜ್ವರದಿಂದ ಬಳಲಿದ ಬಿಲಾಲ್(ರ) ಮಕ್ಕಾದ ಕಣಿವೆಗಳನ್ನು ನೆನೆದು ಹಂಬಲಿಸಿದರು. ಪ್ರವಾದಿವರ್ಯರು(ಸ) ಆ ಹಂಬಲವನ್ನು ಗದರಲಿಲ್ಲ. ಮಕ್ಕಾದಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿ ಮದೀನಾವನ್ನು ನಮಗೆ ಪ್ರಿಯವಾಗಿಸು ಎಂದು ಪ್ರಾರ್ಥಿಸಿದರು. ಮುಹಾಜಿರರಿಗೆ ಮದೀನಾದಲ್ಲಿ ಹುಟ್ಟಿದ ಮೊದಲ ಕೂಸು ಅಬ್ದುಲ್ಲಾ ಬಿನ್ ಝುಬೈರ್(ರ)ರ ಜನನವನ್ನು ಎಲ್ಲರೂ ಸಂಭ್ರಮಿಸಿದರು. ಆ ಕೂಸನ್ನು ಯಾರೂ ಅತಿಥಿ ಎನ್ನಲಿಲ್ಲ. ಮಕ್ಕಾ ವಿಜಯದ ಬಳಿಕ ಪ್ರವಾದಿವರ್ಯರು(ಸ) ಹುಟ್ಟೂರಿನಲ್ಲೇ ಉಳಿಯುವರೇನೋ ಎಂದು ಅನ್ಸಾರರು ಕಳವಳಗೊಂಡಾಗ, ತಮ್ಮ ಬದುಕೂ ಮರಣವೂ ಅವರೊಂದಿಗೇ ಎಂದು ಭರವಸೆಯಿತ್ತರು. ಅವರ ಕಬರ್ ಇರುವುದೂ ಮದೀನಾದಲ್ಲೇ. ಹುಟ್ಟೂರಿನ ಪ್ರೀತಿಯೂ ನೆಲೆಸಿದ ಊರಿನ ನಿಷ್ಠೆಯೂ ಒಂದೇ ಎದೆಯಲ್ಲಿ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನಮಗೆ ಬೇಕಿಲ್ಲ.

ನಮ್ಮ ಮನೆಗಳ ಮಾತು

ಭಟ್ಕಳ, ಉಡುಪಿ, ಮಂಗಳೂರುಗಳಿಂದ ದಮ್ಮಾಮ್, ದುಬೈ, ದೋಹಾಗಳಿಗೆ ಹೋದವರ ಮನೆಗಳಲ್ಲಿ ಇನ್ನೆರಡು ವರ್ಷ ಎಂಬ ಮಾತು ಎಲ್ಲರಿಗೂ ಪರಿಚಿತ. ಆ ನಾಡುಗಳಲ್ಲಿ ಪೌರತ್ವವು ಪ್ರಧಾನವಾಗಿ ತಂದೆಯ ವಂಶದಿಂದ ಬರುತ್ತದೆ. ವಾಸದ ಅನುಮತಿಯು ಸಾಮಾನ್ಯವಾಗಿ ಉದ್ಯೋಗವನ್ನು ಅವಲಂಬಿಸಿರುತ್ತದೆ. ಅಲ್ಲಿ ಹುಟ್ಟಿ ಬೆಳೆದ ನಮ್ಮ ಮಗ ಕಾಲೇಜಿಗೆಂದು ಊರಿಗೆ ಬಂದಾಗ 'ಗಲ್ಫ್‌ನವನು' ಎನಿಸಿಕೊಳ್ಳುತ್ತಾನೆ. ಕನ್ನಡ ಓದಲು ಬಾರದೆ ಬಸ್ಸಿನ ಫಲಕದ ಮುಂದೆ ನಿಲ್ಲುತ್ತಾನೆ. ಅವನಿಗೆ ಮರಳುವ ದಿನದ ಕುರಿತು ಮಾತ್ರ ಹೇಳಿದರೆ ಸಾಲದು. ಮರಳಬೇಕಾದ ನಾಡಿನ ಭಾಷೆಯನ್ನೂ ಬಂಧುಗಳ ಒಡನಾಟವನ್ನೂ ಇಂದೇ ಕೊಡಬೇಕು. ತಾನು ಹುಟ್ಟಿದ ಆ ಮರುಭೂಮಿಯ ಊರನ್ನು ಅವನು ಪ್ರೀತಿಸಿದರೆ ಅದನ್ನು ಅಪರಾಧವೆಂದು ಕಾಣಬಾರದು.

ಹಾಗೆಯೇ ನಮ್ಮ ಊರುಗಳಿಗೆ ಬಿಹಾರ, ಅಸ್ಸಾಮ್, ಒಡಿಶಾಗಳಿಂದ ದುಡಿಯಲು ಬಂದವರಿದ್ದಾರೆ. ಅವರು ಈ ದೇಶದ ಪ್ರಜೆಗಳೇ. ಆದರೂ ಅವರ ಮಕ್ಕಳು ನಮ್ಮ ಶಾಲೆ, ಮದ್ರಸಗಳ ಹಿಂದಿನ ಸಾಲಿನಲ್ಲಿ ಭಾಷೆ ತಿಳಿಯದೆ ಕುಳಿತಿರುತ್ತಾರೆ. ಹೊರಗಿನವರು ಎಂಬ ಮಾತು ನಮ್ಮ ಬಾಯಿಯಿಂದ ಎಷ್ಟು ಸಲೀಸಾಗಿ ಬರುತ್ತದೆ ಎಂಬುದನ್ನು ನಾವು ಪರಿಶೀಲಿಸಿಕೊಳ್ಳಬೇಕು. ಅಂತಹ ಮಗುವನ್ನು ಹೆಸರು ಹಿಡಿದು ಕರೆದು, ಮುಂದಿನ ಸಾಲಿಗೆ ಕೂರಿಸಿ, ನಾಲ್ಕು ಕನ್ನಡ ಮಾತು ಕಲಿಸಲು ಯಾವ ಕಾನೂನಿಗೂ ಕಾಯಬೇಕಿಲ್ಲ. ಅನ್ಸಾರರ ಗುಣದಲ್ಲಿ ಒಂದಂಶವನ್ನಾದರೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.